ಅಪ್‌ಗ್ರೇಡ್ ಬಟನ್ ಒತ್ತುವ ಮೊದಲು ಹಳೇ ಪ್ರಾಜೆಕ್ಟ್ ತೆಗೆದು ನೋಡಿ

ಸರ್, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನಿಮ್ಮ ಕೈಯಲ್ಲಿ ಆರ್ಟೂರಿಯಾ ವಿ ಕಲೆಕ್ಷನ್ 9 ಇದೆ, ಅಂದರೆ ಹಳೇ ಸಿಂಥಸೈಜರ್ (ಸಿಂಥ್), ಕೀಬೋರ್ಡ್‌ಗಳನ್ನು ಕಂಪ್ಯೂಟರ್‌ನಲ್ಲೇ ನುಡಿಸುವ ಸಾಫ್ಟ್‌ವೇರ್ ವಾದ್ಯಗಳ ಗಂಟು. ಹೊಸ ವರ್ಷನ್ 11 ಪ್ರೊಗೆ ಅಪ್‌ಗ್ರೇಡ್ ಮಾಡಿಕೊಳ್ಳಿ ಅಂತ ಮೇಲ್ ಬಂದಿದೆ, ಆಫರ್‌ಗೆ ಇನ್ನು ಮೂರೇ ದಿನ. ಮನೆಯಲ್ಲಿ ಭಾವಗೀತೆಗಳಿಗೆ ಟ್ರ್ಯಾಕ್ ಮಾಡುತ್ತೀರಿ, ಆಗೊಮ್ಮೆ ಈಗೊಮ್ಮೆ ಕಿರುಚಿತ್ರಕ್ಕೆ ಹಿನ್ನೆಲೆ ಸಂಗೀತ, ಗಣಪತಿ ಸೀಸನ್‌ನಲ್ಲಿ ಆರ್ಕೆಸ್ಟ್ರಾಗೆ ಕೀಬೋರ್ಡ್. ಲ್ಯಾಪ್‌ಟಾಪ್ ಎಂಟನೇ ತಲೆಮಾರಿನ ಐ5, ವಿಂಡೋಸ್, 8 ಜಿಬಿ ರ‍್ಯಾಮ್. ತಗೊಳ್ಳಲಾ, ಬಿಡಲಾ ಅಂತ ಕೇಳಿದ್ದೀರಿ.

ಈ ಸಲ ಬಿಡಿ. ಮೇಲಿನ ಉತ್ತರಗಳಲ್ಲಿ ಸುಮಾರು ಜನ ‘ಕಣ್ಣು ಮುಚ್ಕೊಂಡು ತಗೊಳ್ಳಿ, ಸೌಂಡ್ ಸೂಪರ್’ ಅಂದಿದ್ದಾರೆ. ಸೌಂಡ್ ಸೂಪರ್ ಅನ್ನೋದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ನಿಮ್ಮ ಕೆಲಸಕ್ಕೆ, ನಿಮ್ಮ ಲ್ಯಾಪ್‌ಟಾಪ್‌ಗೆ ಅದು ಬೇಕಾ ಅನ್ನೋದು ಬೇರೆ ಮಾತು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಇರೋದು ವಿ ಕಲೆಕ್ಷನ್ ಎಕ್ಸ್ (ಹತ್ತನೇ ವರ್ಷನ್), 2023ರ ಡಿಸೆಂಬರ್‌ನಲ್ಲಿ ಬಂದದ್ದು. ಅದರಲ್ಲಿ 39 ವಾದ್ಯ. 11ರ ಮೇಲ್ ನನಗೂ ಬಂತು, ನನ್ನ ಕೈಯೂ ಕೆರೆಯಿತು. ಒಂದು ಭಾನುವಾರ ಕೂತು ಹಿಂದಿನ ವರ್ಷದ ಪ್ರಾಜೆಕ್ಟ್‌ಗಳನ್ನೆಲ್ಲ ತೆಗೆದೆ. ನಾನು ಕೆಲಸ ಮಾಡೋದು ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ. ರೀಪರ್ ಪ್ರಾಜೆಕ್ಟ್ ಫೈಲ್ ಬರೀ ಟೆಕ್ಸ್ಟ್, ಎಷ್ಟೋ ಜನಕ್ಕೆ ಇದು ಗೊತ್ತಿರೋದಿಲ್ಲ. ನೋಟ್‌ಪ್ಯಾಡ್‌ನಲ್ಲಿ ತೆಗೆದು ಇಂಗ್ಲಿಷ್ ಅಕ್ಷರದಲ್ಲಿ ವಿಎಸ್‌ಟಿ ಅಂತ ಹುಡುಕಿದರೆ, ಯಾವ ಟ್ರ್ಯಾಕ್‌ನಲ್ಲಿ ಯಾವ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಓಡುವ ವಾದ್ಯ) ಕೂತಿದೆ ಅಂತ ಒಂದೊಂದೇ ಸಾಲು ಸಿಗುತ್ತದೆ. ಪ್ರಾಜೆಕ್ಟ್ ಲೋಡ್ ಮಾಡುತ್ತಾ ಕಾಯಬೇಕಾಗಿಲ್ಲ. ಮಗಳ ಗಣಿತದ ನೋಟ್‌ಬುಕ್ಕಿನ ಕೊನೇ ಹಾಳೆ ಹರಿದುಕೊಂಡು ಗೀಟು ಹಾಕುತ್ತಾ ಹೋದೆ.

ಒಟ್ಟು 31 ಪ್ರಾಜೆಕ್ಟ್. 19ರಲ್ಲಿ ಅನಲಾಗ್ ಲ್ಯಾಬ್, ಅಂದ್ರೆ ಗಂಟಿನ ವಾದ್ಯಗಳ ಪ್ರಿಸೆಟ್ (ಸಿದ್ಧ ಸೌಂಡ್) ಎಲ್ಲ ಒಂದೇ ಕಡೆ ಸಿಗುವ ಪ್ಲಗಿನ್. ಸ್ಟೇಜ್-73, ಅಂದ್ರೆ ರೋಡ್ಸ್ ಪಿಯಾನೊ, 11ರಲ್ಲಿ. ಸೊಲಿನಾ ಸ್ಟ್ರಿಂಗ್ಸ್ ಎಂಟರಲ್ಲಿ. ಡಿಎಕ್ಸ್7 ಆರು, ಮಿನಿ (ಮಿನಿಮೂಗ್ ಸಿಂಥ್) ನಾಲ್ಕು, ಮೆಲೊಟ್ರಾನ್ ಎರಡು. ಅಷ್ಟೇ. ಉಳಿದ ಮೂವತ್ತಕ್ಕೂ ಜಾಸ್ತಿ ವಾದ್ಯಗಳನ್ನು ಇನ್‌ಸ್ಟಾಲ್ ಮಾಡಿದ ವಾರ ಕುಟ್ಟಿ ನೋಡಿದ್ದು ಬಿಟ್ಟರೆ ಮತ್ತೆ ಮುಟ್ಟಿಲ್ಲ. ಸಿನ್‌ಕ್ಲಾವಿಯರ್ ಒಂದನ್ನಂತೂ ತೆಗೆದೂ ನೋಡಿರಲಿಲ್ಲ. ಸುಮ್ನೆ ಡಿಸ್ಕ್ ತಿನ್ನುತ್ತಾ ಬಿದ್ದಿದೆ.

ನೀವೂ ಮೊದಲು ಇದನ್ನು ಮಾಡಿ. ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರ್ ಕ್ಯೂಬೇಸ್, ಎಫ್‌ಎಲ್ ಆದರೆ ಪ್ರಾಜೆಕ್ಟ್ ತೆರೆದೇ ನೋಡಬೇಕು, ಒಂದೆರಡು ಗಂಟೆ ಹಿಡಿಯುತ್ತದೆ. ಆ ಚೀಟಿ ಕೈಯಲ್ಲಿದ್ದರೆ ಅರ್ಧ ತೀರ್ಮಾನ ಆದ ಹಾಗೆ.

ನನ್ನ ಲೆಕ್ಕದಲ್ಲಿ ಅನಲಾಗ್ ಲ್ಯಾಬ್ ಯಾಕೆ ಮೇಲಿದೆ ಅಂದರೆ, ನಾವು ಹೆಚ್ಚಿನವರು ಪ್ರಿಸೆಟ್ ಹುಡುಕುವವರು. ಪಲ್ಲವಿ ಆದ ಮೇಲೆ ಒಂದು ಮೆತ್ತನೆ ಪ್ಯಾಡ್ (ಹಿಂದೆ ಉದ್ದಕ್ಕೆ ತೇಲುವ ಸೌಂಡ್) ಬೇಕು, ಬಾಣದ ಗುರುತು ಒತ್ತುತ್ತಾ ಹೋಗುತ್ತೇವೆ, ಸಿಕ್ಕಿತು, ಸ್ವಲ್ಪ ಫಿಲ್ಟರ್ ಇಳಿಸಿ ರಿವರ್ಬ್ ಏರಿಸಿದೆವು, ಮುಗಿಯಿತು. ಆಸಿಲೇಟರ್‌ನಿಂದ, ಅಂದರೆ ಸ್ವರ ಹುಟ್ಟಿಸುವ ಭಾಗದಿಂದಲೇ, ಶುರು ಮಾಡಿ ಸೌಂಡ್ ಕಟ್ಟುವವರು ಈ ಗುಂಪಿನಲ್ಲಿ ಎಷ್ಟು ಜನ? ಅಂಥವರಿಗೆ ಹೊಸ ಸಿಂಥ್ ಅಂದರೆ ಹೊಸ ಆಟಿಕೆ. ನಮ್ಮಂಥವರಿಗೆ ಅದು ಇನ್ನೂ ಒಂದಷ್ಟು ಪ್ರಿಸೆಟ್. ಇರುವ ಸಾವಿರಾರು ಪ್ರಿಸೆಟ್‌ನಲ್ಲಿ ಕಾಲು ಭಾಗವನ್ನೂ ನಾವು ಕೇಳಿಲ್ಲ.

ಇನ್ನು 9ರಿಂದ 11ಕ್ಕೆ ಹೋದರೆ ನಿಮಗೆ ಹೊಸದಾಗಿ ಏನು ಸಿಗುತ್ತದೆ. ನಡುವೆ ಎಕ್ಸ್ ಬಂದಿರೋದರಿಂದ ಎರಡು ಕಂತಿನ ಹೊಸ ಸಾಮಾನು ಒಟ್ಟಿಗೆ. ಎಕ್ಸ್‌ನಲ್ಲಿ ಬಂದದ್ದು ಮಿನಿಫ್ರೀಕ್, ಆ್ಯಸಿಡ್, ಸಿಪಿ-70, ಮತ್ತೆ ಸ್ಯಾಂಪಲ್‌ಗೆ (ರೆಕಾರ್ಡ್ ಮಾಡಿದ ನಿಜ ವಾದ್ಯದ ತುಣುಕಿಗೆ) ಸಿಂಥ್ ಬೆರೆಸಿದ ಆಗ್ಮೆಂಟೆಡ್ ಸಾಲಿನ ಬ್ರಾಸ್, ವುಡ್‌ವಿಂಡ್ಸ್, ಗ್ರ್ಯಾಂಡ್ ಪಿಯಾನೊ. 2025ರಲ್ಲಿ ಬಂದ 11ರಲ್ಲಿ ಜಪ್-8000, ಸಿಂಥ್ಎಕ್ಸ್, ಮಿನಿಬ್ರೂಟ್, ಹೊಸದಾಗಿ ಕಟ್ಟಿದ ಎಸ್‌ಇಎಂ, ಪ್ಯೂರ್ ಲೋಫೈ, ಜೊತೆಗೆ ಆಗ್ಮೆಂಟೆಡ್ ಮ್ಯಾಲೆಟ್ಸ್, ಯಾಂಗ್‌ಟ್ಸಿ, ಮಂತ್ರ. ಜಪ್-8000 ಅಂದರೆ 1996ರ ರೋಲ್ಯಾಂಡ್ ಜೆಪಿ-8000ರ ನಕಲು. ಆ ‘ಸೂಪರ್‌ಸಾ’ ಸೌಂಡ್ ಡಿಜೆ ಪಾರ್ಟಿಗೆ ಸರಿ. ಆ್ಯಸಿಡ್ ಅನ್ನೋದು 1981ರ ಟಿಬಿ-303 ಬೇಸ್ ಸಿಂಥ್‌ನ ನಕಲು. ಅದೇ ರೋಲ್ಯಾಂಡ್ ಪೆಟ್ಟಿಗೆಯನ್ನು ಇಟ್ಟುಕೊಂಡು ಬೊಂಬಾಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ರಾಗಗಳನ್ನು ಡಿಸ್ಕೊ ಬೀಟ್‌ಗೆ ಕೂರಿಸಿದ್ದರು. ಅದು ಬೇರೆಯೇ ಕಥೆ, ಅವರು ಪ್ರಿಸೆಟ್ ತಿರುಗಿಸುತ್ತಾ ಕೂತಿರಲಿಲ್ಲ ಅನ್ನೋದಷ್ಟೇ ನನ್ನ ಮಾತು. ಭಾವಗೀತೆಗೆ ಜಪ್-8000, ಆ್ಯಸಿಡ್ ಎರಡೂ ಬೇಡ.

ಆರ್ಕೆಸ್ಟ್ರಾಗೆ ನಿಜವಾಗಲೂ ಉಪಯೋಗ ಆಗೋದು ಸಿಪಿ-70. ಯಮಹಾದ ಹಳೇ ಎಲೆಕ್ಟ್ರಿಕ್ ಗ್ರ್ಯಾಂಡ್. ಅದರ ಸೌಂಡ್‌ಗೆ ಒಂಥರಾ ಗಡುಸು ಇದೆ. ಡ್ರಮ್ಸ್, ರಿದಂ ಪ್ಯಾಡ್, ಬೇಸ್ ಎಲ್ಲ ಒಟ್ಟಿಗೆ ಹೊಡೆಯುವಾಗ ಗ್ರ್ಯಾಂಡ್ ಪಿಯಾನೊ ಮುಳುಗಿ ಹೋಗುತ್ತದೆ, ಇದು ಮೇಲೆ ಕೇಳುತ್ತದೆ. ಆದರೆ ಅದೊಂದೇ ಬೇಕಾದರೆ ಅದೊಂದನ್ನೇ ಬಿಡಿಯಾಗಿ ಕೊಳ್ಳಬಹುದು. ಇಡೀ ಗಂಟು ಬೇಕಿಲ್ಲ.

ಈಗ ನಿಮ್ಮ ಆಸೆಯ ವಿಷಯ, ಮಂತ್ರ. ‘ನಮ್ಮ ವಾದ್ಯಗಳೆಲ್ಲ ಇವೆಯಂತೆ, ಕ್ಲಾಸಿಕಲ್ ಟಚ್ ಕೊಡಬಹುದು’ ಅಂತ ಬರೆದಿದ್ದೀರಿ. ಆರ್ಟೂರಿಯಾದ ಪ್ಲಗಿನ್‌ಗಳು ಹಣ ಕೊಡದೆಯೂ ಒಂದು ಸಲಕ್ಕೆ 20 ನಿಮಿಷ ಓಡುತ್ತವೆ. ನಾನು ಮಂತ್ರವನ್ನು ಹಾಗೇ ಇಳಿಸಿಕೊಂಡು ಕೂತೆ. ಅದು ನಮ್ಮ ಕಡೆಯ ವಾದ್ಯಗಳ ಸ್ಯಾಂಪಲ್‌ಗೆ ಸಿಂಥ್ ಬೆರೆಸಿದ ಸರಕು. ನಡುವೆ ಮಾರ್ಫ್ ಅಂತ ದೊಡ್ಡ ಗುಂಡಿ, ತಿರುಗಿಸಿದರೆ ಒಂದು ಬಣ್ಣದಿಂದ ಇನ್ನೊಂದಕ್ಕೆ ಜಾರುತ್ತದೆ. ಕಿರುಚಿತ್ರದಲ್ಲಿ ದೇವಸ್ಥಾನದ ಮುಂಜಾವು, ಮಂಜು, ಹಾಗೆಲ್ಲ ಇದ್ದರೆ ಎರಡು ಬೆರಳು ಇಟ್ಟರೆ ಸಾಕು, ಕೆಲಸ ಆಗಿಬಿಡುತ್ತದೆ. ಆಮೇಲೆ ತೋಡಿ ಹಿಡಿದೆ. ತೋಡಿಯ ಗಾಂಧಾರ ನಿಂತಲ್ಲಿ ನಿಲ್ಲೋದಿಲ್ಲ, ಅಲ್ವಾ? ಮೇಲೆ ಕೆಳಗೆ ತೂಗಬೇಕು. ಕೀಬೋರ್ಡಿನಲ್ಲಿ ಸ್ವರ ಬಗ್ಗಿಸುವ ಬೆಂಡ್ ವೀಲ್‌ನಲ್ಲಿ ತೂಗಿಸಿದರೆ ಸ್ಯಾಂಪಲ್‌ನ ಜೊತೆ ಅದರ ಹಿಂದಿನ ಪ್ಯಾಡ್, ಎಕೋದ ಬಾಲ ಎಲ್ಲವೂ ಒಟ್ಟಿಗೆ ತೂಗಿದವು. ಪಕ್ಕದ ರೂಮಿನಿಂದ ಹೆಂಡತಿ ‘ಏನದು, ಟೇಪು ಸುತ್ತಿಕೊಂಡ ಹಾಗೆ’ ಅಂದಳು. ಸರಿಯಾಗೇ ಅಂದಳು.

ಗಮಕಕ್ಕೆ ನಿಮ್ಮ 9ರಲ್ಲೇ ಇರುವ ಮಿನಿ ಎಷ್ಟೋ ವಾಸಿ. ಒಂದೇ ಆಸಿಲೇಟರ್ ಇಡಿ, ಸಾ ವೇವ್ (ಗರಗಸದ ಹಲ್ಲಿನ ಆಕಾರದ ಅಲೆ). ಮೊನೊ (ಒಮ್ಮೆಗೆ ಒಂದೇ ಸ್ವರ), ಲೆಗಾಟೊ (ಸ್ವರ ಕಡಿಯದ ಹಾಗೆ). ಗ್ಲೈಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರೋದು, ಸ್ವಲ್ಪವೇ ಸ್ವಲ್ಪ. ಫಿಲ್ಟರ್ ಅರ್ಧಕ್ಕಿಂತ ಕೆಳಗೆ ಇಳಿಸಿ. ಬೆಂಡ್ ರೇಂಜ್ ಎರಡು ಸೆಮಿಟೋನ್‌ನಿಂದ ಮೂರಕ್ಕೆ ಏರಿಸಿ. ರಿವರ್ಬ್ ಪೂರ್ತಿ ತೆಗೆಯಿರಿ, ಬೇಕಾದರೆ ಆಮೇಲೆ ಹಾಕಿಕೊಳ್ಳೋಣ. ಈಗ ಎಡಗೈ ಬೆಂಡ್ ಮೇಲೆ ಇಟ್ಟು ನುಡಿಸಿ ನೋಡಿ. ಸ್ವಲ್ಪ ನಾದಸ್ವರದ ನೆನಪು ಬರುತ್ತದೆ, ಕನಿಷ್ಠ ರಾಗ ಅಂತ ಗುರುತು ಸಿಗುತ್ತದೆ. ಶ್ರುತಿಗೆ ಅಂತೂ ಪ್ಲಗಿನ್ ಬೇಡವೇ ಬೇಡ. ನಾನು ಬೆಂಗಳೂರಿನ ರಾಡೆಲ್ ತಂಬೂರಿ ಪೆಟ್ಟಿಗೆಯ ಮುಂದೆ ಮೈಕ್ ಇಟ್ಟು ಐದು ನಿಮಿಷ ರೆಕಾರ್ಡ್ ಮಾಡಿಕೊಂಡಿದ್ದೇನೆ. ಇವತ್ತಿಗೂ ಅದೇ ನಡೆಯುತ್ತಿದೆ.

ಲ್ಯಾಪ್‌ಟಾಪ್ ಮಾತು. 8 ಜಿಬಿ ರ‍್ಯಾಮ್‌ನಲ್ಲಿ ವಿಂಡೋಸ್, ಬ್ರೌಸರ್, ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರ್ ಕೂತ ಮೇಲೆ ಎಷ್ಟು ಜಾಗ ಉಳಿಯುತ್ತದೆ ಅಂತ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿ. ಸ್ಯಾಂಪಲ್ ಇರುವ ಆಗ್ಮೆಂಟೆಡ್ ಸಾಲು ಆ ಉಳಿದ ಜಾಗವನ್ನು ತಿನ್ನುತ್ತದೆ. ಹೊಸ ಸಿಂಥ್‌ಗಳು ಸಿಪಿಯು ತಿನ್ನುತ್ತವೆ. ಮನೆಯಲ್ಲಾದರೆ ಟ್ರ್ಯಾಕ್ ಫ್ರೀಜ್ ಮಾಡಿ (ಆಡಿಯೊ ಆಗಿ ಇಳಿಸಿಟ್ಟು) ಹೇಗೋ ಸುಧಾರಿಸಬಹುದು. ಸ್ಟೇಜ್ ಮೇಲೆ ಆಗೋದಿಲ್ಲ. 48 ಸಾವಿರ ಸ್ಯಾಂಪಲ್ ರೇಟ್‌ನಲ್ಲಿ ಬಫರ್ (ಕಂಪ್ಯೂಟರ್ ಒಮ್ಮೆಗೆ ಲೆಕ್ಕ ಹಾಕುವ ಸೌಂಡಿನ ತುಂಡು) 256 ಇಟ್ಟರೆ ಒಂದು ಕಡೆಗೆ 5.3 ಮಿಲಿಸೆಕೆಂಡ್ ತಡ, ಕೈಗೆ ಗೊತ್ತಾಗೋದಿಲ್ಲ. ಸಿಪಿಯು ಸಾಲದೆ 1024ಕ್ಕೆ ಏರಿಸಿದಿರೋ, 21 ಮಿಲಿಸೆಕೆಂಡ್ ಮೇಲಾಯಿತು. ಒತ್ತಿದ್ದು ಈಗ, ಕೇಳೋದು ಆಮೇಲೆ. ಡ್ರಮ್ಮರ್ ನಿಮ್ಮ ಕಡೆ ತಿರುಗಿ ನೋಡುತ್ತಾರೆ. ಅಪ್‌ಗ್ರೇಡ್‌ಗೆ ಇಟ್ಟ ದುಡ್ಡಲ್ಲಿ ರ‍್ಯಾಮ್ 16 ಜಿಬಿ ಮಾಡಿಸಿ. ಕೆಲವು ಮಾಡೆಲ್‌ನಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ, ಅಂಗಡಿಯಲ್ಲಿ ಹಿಂಬದಿ ಬಿಚ್ಚಿಸಿ ಸ್ಲಾಟ್ ಇದೆಯಾ ನೋಡಿಕೊಂಡು ಆಮೇಲೆ ಕೊಳ್ಳಿ.

ಬೆಲೆಯಲ್ಲಿ ಒಂದು ಮೋಸ ಹೋಗಬೇಡಿ. ಲಾಗಿನ್ ಆದಾಗ ನಿಮಗೆ ಕಾಣೋದು ನಿಮ್ಮ ಹತ್ತಿರ ಏನಿದೆ ಅಂತ ನೋಡಿ ಹಾಕಿದ ಬೆಲೆ. ಪಕ್ಕದವರಿಗೆ ಬೇರೆ ಇರುತ್ತದೆ, ಅದಕ್ಕೇ ‘ನನಗೆ ಇಷ್ಟಕ್ಕೆ ಸಿಕ್ಕಿತು’ ಅನ್ನುವವರ ಮಾತು ಲೆಕ್ಕಕ್ಕೆ ಬರೋದಿಲ್ಲ. ಅದರ ಮೇಲೆ ನಮ್ಮ ಕಡೆಯ ಖರ್ಚು. ಸುಮ್ನೆ ಲೆಕ್ಕಕ್ಕೆ 150 ಡಾಲರ್ ಅಂತ ಇಟ್ಟುಕೊಳ್ಳಿ. 18% ಜಿಎಸ್‌ಟಿ ಬಿದ್ದರೆ 177. ಕಾರ್ಡ್‌ನವರು 3.5% ಫಾರೆಕ್ಸ್ ಮಾರ್ಕಪ್ (ವಿದೇಶಿ ಹಣದ ಪಾವತಿಗೆ ಶುಲ್ಕ) ಹಾಕಿ, ಆ ಮಾರ್ಕಪ್ ಮೇಲೂ ಜಿಎಸ್‌ಟಿ ಹಾಕಿದರೆ 184 ದಾಟುತ್ತದೆ. ಕಾರ್ಡ್‌ನಲ್ಲಿ ಇಂಟರ್‌ನ್ಯಾಷನಲ್ ಆನ್ ಇಲ್ಲದಿದ್ದರೆ ಪೇಮೆಂಟೇ ಹೋಗೋದಿಲ್ಲ, ರಾತ್ರಿ ಹನ್ನೊಂದೂವರೆಗೆ ಒದ್ದಾಡಿದ ಅನುಭವ ಇದೆ. ಇನ್ನು ‘ಮೂರೇ ದಿನ’ ಅನ್ನೋದಕ್ಕೆ ಹೆದರಬೇಡಿ. ಪ್ಲಗಿನ್ ವ್ಯಾಪಾರದಲ್ಲಿ ನವೆಂಬರ್ ಕೊನೆಗೆ ಬ್ಲ್ಯಾಕ್ ಫ್ರೈಡೇ ಅಂತ ಒಂದು ರಿಯಾಯಿತಿ ಜಾತ್ರೆ ಪ್ರತಿ ವರ್ಷ ನಡೆಯುತ್ತದೆ.

ಎಲ್ಲ ಕಂಪನಿಯವರೂ ಎರಡು ವರ್ಷಕ್ಕೊಮ್ಮೆ ಹೀಗೆ ಕೈ ಚಾಚುತ್ತಾರೆ ಅಂತಲ್ಲ. ಸೀರಮ್ 2 ಅನ್ನೋ ಸಿಂಥ್ ಬಂದಾಗ ಮೊದಲನೇ ಸೀರಮ್ ಕೊಂಡವರಿಗೆ ಅದು ಪುಕ್ಕಟೆ ಸಿಕ್ಕಿತು. ಎಫ್‌ಎಲ್ ಸ್ಟುಡಿಯೊ ಒಮ್ಮೆ ಕೊಂಡರೆ ಮುಂದಿನ ವರ್ಷನ್‌ಗಳಿಗೆ ದುಡ್ಡಿಲ್ಲ. ಆ ಕಡೆ ವೇವ್ಸ್ ಅನ್ನೋ ಪ್ಲಗಿನ್ ಕಂಪನಿಯವರು 2023ರ ಮಾರ್ಚ್‌ನಲ್ಲಿ ಇನ್ಮೇಲೆ ಬರೀ ಸಬ್‌ಸ್ಕ್ರಿಪ್ಷನ್ ಅಂದರು, ಜನ ಗಲಾಟೆ ಎಬ್ಬಿಸಿದ ಮೇಲೆ ಕೆಲವೇ ದಿನದಲ್ಲಿ ಹಿಂದೆ ಸರಿದರು. ದೊಡ್ಡ ಗಂಟಿನಿಂದ ಸಾಮಾನು ಮಾಯ ಆಗೋದೂ ಉಂಟು. ‘ಕಂಪ್ಲೀಟ್ 14’ ಅನ್ನೋ ಗಂಟು ಬಂದ 2022ರಲ್ಲೇ ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಆ್ಯಬ್‌ಸಿಂತ್ ಅನ್ನೋ ಸಿಂಥ್ ನಿಲ್ಲಿಸಿತು. ಅದನ್ನೇ ನಂಬಿ ಪ್ಯಾಡ್ ಮಾಡುತ್ತಿದ್ದವರಿಗೆ ಹೇಗಾಗಿರಬೇಡ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಬೇರೆ ಒಂದು ಕಂಪನಿಯ ಗಂಟು ಅಪ್‌ಗ್ರೇಡ್ ಮಾಡಿದೆ. ಹೊಸ ವರ್ಷನ್ ಬಂತಲ್ಲ ಅಂತ ಜಾಗ ಉಳಿಸಲು ಹಳೇದನ್ನೆಲ್ಲ ಅನ್‌ಇನ್‌ಸ್ಟಾಲ್ ಮಾಡಿದೆ. ಆರು ತಿಂಗಳ ಮೇಲೆ ಶಾಲಾ ವಾರ್ಷಿಕೋತ್ಸವಕ್ಕೆ ಹಿಂದಿನ ವರ್ಷದ ಹಾಡನ್ನೇ ಅರ್ಧ ಮನೆ ಶ್ರುತಿ ಇಳಿಸಿ ಕೊಡಿ ಅಂದರು. ಪ್ರಾಜೆಕ್ಟ್ ತೆಗೆದೆ. ಕೊಳಲು ಇದೆ, ತಬಲಾ ಇದೆ, ಸ್ಟ್ರಿಂಗ್ಸ್ ಇಲ್ಲ, ಬೇಸ್ ಇಲ್ಲ. ಹಳೇ ವರ್ಷನ್ ಒಂದು ಪ್ಲಗಿನ್, ಹೊಸದು ಬೇರೆಯೇ ಪ್ಲಗಿನ್ ಅಂತ ಕಂಪ್ಯೂಟರ್ ಲೆಕ್ಕ. ಹೊಸದು ತಾನಾಗಿ ಹಳೇದರ ಜಾಗಕ್ಕೆ ಬಂದು ಕೂರಲಿಲ್ಲ. ಹಳೇ ಇನ್‌ಸ್ಟಾಲರ್ ಹುಡುಕಲು ಒಂದು ರಾತ್ರಿ ಹೋಯಿತು. ಮಿನಿ ವಿ3, ಮಿನಿ ವಿ4 ಕೂಡ ಹೀಗೆ ಬೇರೆ ಬೇರೆಯೇ, ಅದಕ್ಕೆ ಹೇಳಿದೆ.

ಆದ್ದರಿಂದ ಇವತ್ತಲ್ಲ ನಾಳೆ ಅಪ್‌ಗ್ರೇಡ್ ಮಾಡುವವರು, ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ಮೊದಲು ಮುಗಿದ ಹಾಡುಗಳ ಪ್ರತಿ ಟ್ರ್ಯಾಕನ್ನೂ ವೇವ್ ಫೈಲ್ ಆಗಿ ಇಳಿಸಿಟ್ಟುಕೊಳ್ಳಿ, ಎಲ್ಲವೂ ಸೊನ್ನೆಯಿಂದ ಶುರುವಾಗುವ ಹಾಗೆ. 24 ಬಿಟ್, 48 ಸಾವಿರ, ಸ್ಟೀರಿಯೊ ಅಂದರೆ ನಿಮಿಷಕ್ಕೆ 17 ಎಂಬಿ ಚಿಲ್ಲರೆ. ಐದು ನಿಮಿಷದ ಹಾಡು, 20 ಟ್ರ್ಯಾಕ್, ಹೆಚ್ಚುಕಡಿಮೆ 1.7 ಜಿಬಿ. ಒಂದು ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿ ಐನೂರು ಹಾಡು ಹಿಡಿಸುತ್ತದೆ. ಮಿಡಿ ಫೈಲ್ (ಯಾವ ಸ್ವರ ಯಾವಾಗ ಅನ್ನೋ ದಾಖಲೆ) ಜೊತೆಗಿಡಿ. ಪ್ರಿಸೆಟ್ ಹೆಸರನ್ನು ಟ್ರ್ಯಾಕ್ ಹೆಸರಿನಲ್ಲೇ ಬರೆದರೆ ಇನ್ನೂ ಒಳ್ಳೇದು.

ಮ್ಯಾಕ್ ಇರುವವರು ನನ್ನ ಮಾತನ್ನು ಹಾಗೇ ಹಿಡಿಯಬೇಡಿ. ಹಳೇ ಪ್ಲಗಿನ್‌ಗಳನ್ನು ಇನ್ನೂ ರೊಸೆಟಾದಲ್ಲಿ (ಇಂಟೆಲ್ ಮ್ಯಾಕ್‌ನ ಸಾಫ್ಟ್‌ವೇರನ್ನು ಹೊಸ ಮ್ಯಾಕ್‌ನಲ್ಲಿ ಓಡಿಸುವ ವ್ಯವಸ್ಥೆ) ಓಡಿಸುತ್ತಿದ್ದರೆ ಗಮನವಿಡಿ, ಮ್ಯಾಕ್‌ಓಎಸ್ 27ರವರೆಗೆ ಮಾತ್ರ ಅದು ಈಗಿನ ಹಾಗೆ ಇರುತ್ತದೆ ಅಂತ ಆಪಲ್ 2025ರಲ್ಲೇ ಹೇಳಿದೆ. ಅಂಥವರಿಗೆ ಅಪ್‌ಗ್ರೇಡ್ ಅನ್ನೋದು ಆಸೆಯ ಪ್ರಶ್ನೆ ಅಲ್ಲ.

ಹೊಸ ಸೌಂಡ್ ಬೇಕೇ ಬೇಕು ಅನ್ನಿಸಿದರೆ ಈ ವಾರ ಸರ್ಜ್ ಎಕ್ಸ್‌ಟಿ, ಡೆಕ್ಸೆಡ್ ಅನ್ನೋ ಎರಡು ಸಿಂಥ್‌ಗಳನ್ನೂ ಇಳಿಸಿಕೊಳ್ಳಿ. ಎರಡೂ ಪುಕ್ಕಟೆ, ಕಳ್ಳಮಾಲಲ್ಲ. ಡೆಕ್ಸೆಡ್‌ಗೆ ಹಳೇ ಡಿಎಕ್ಸ್7ರ ಪ್ರಿಸೆಟ್ ಇರುವ ಸಿಸ್‌ಎಕ್ಸ್ ಫೈಲ್ ಹಾಕಬಹುದು, ಎಂಬತ್ತರ ದಶಕದ ಹಾಡುಗಳ ಆ ಗಾಜಿನಂಥ ಪಿಯಾನೊ ಅಲ್ಲೇ ಸಿಗುತ್ತದೆ. ನಿಮ್ಮ ಲ್ಯಾಪ್‌ಟಾಪ್‌ಗೆ ಭಾರವೂ ಆಗೋದಿಲ್ಲ.

ಭಾನುವಾರ ಪ್ರಾಜೆಕ್ಟ್ ಎಣಿಸಿ ಪಟ್ಟಿ ಇಲ್ಲೇ ಕೆಳಗೆ ಹಾಕಿ ಸರ್. 9ರಲ್ಲಿ ಹದಿನೈದಕ್ಕಿಂತ ಜಾಸ್ತಿ ವಾದ್ಯ ಬಳಸಿದ್ದೀರಿ ಅಂತ ಬಂದರೆ ನನ್ನ ಮಾತು ವಾಪಸ್, ನವೆಂಬರ್‌ನಲ್ಲಿ ಧಾರಾಳವಾಗಿ ತಗೊಳ್ಳಿ. ಹಾಗೇ ಸಿಪಿ-70ಯನ್ನು 20 ನಿಮಿಷದ ಡೆಮೊದಲ್ಲಿ ಒಮ್ಮೆ ನುಡಿಸಿ, ಸಾಧ್ಯವಾದರೆ ಆರ್ಕೆಸ್ಟ್ರಾ ಪ್ರಾಕ್ಟೀಸ್ ದಿನ, ಎಲ್ಲರೂ ಹೊಡೆಯುತ್ತಿರುವಾಗಲೇ. ಹೆಡ್‌ಫೋನ್‌ನಲ್ಲಿ ಕೇಳಿ ತೀರ್ಮಾನ ಮಾಡಬೇಡಿ.