ಹಳೆಯ ಕೋರ್ 2 ಡ್ಯುಯೊ ಕಂಪ್ಯೂಟರಿಗೆ ವಿಂಡೋಸ್ 10 ಪೆನ್‌ಡ್ರೈವ್ ಮಾಡಬೇಕು. 64 ಬಿಟ್ ಹಾಕಲಾ, 32 ಬಿಟ್ ಹಾಕಲಾ? ಎಂಬಿಆರಾ, ಜಿಪಿಟಿಯಾ?

ಪ್ರಶ್ನೆಯ ಕೊನೆಯಲ್ಲಿ "ಅಪ್ಪನ ಅಂಗಡಿಯಲ್ಲಿ ಬಿಲ್ ಪ್ರಿಂಟ್ ತೆಗೆಯೋದು ಇದರಲ್ಲೇ" ಅಂತ ಒಂದು ಸಾಲು ಬರೆದಿದ್ದೀರಲ್ಲ, ನನ್ನ ಕಣ್ಣು ನಿಂತಿದ್ದು ಅಲ್ಲೇ. 2 ಜಿಬಿ ರ‍್ಯಾಮ್, ಡಿಸ್ಕನ್ನು ಭಾಗ ಮಾಡುವ ಎರಡು ಪದ್ಧತಿಗಳಾದ ಎಂಬಿಆರ್, ಜಿಪಿಟಿ ಎಲ್ಲ ಆಮೇಲೆ ನೋಡೋಣ. ಆ ಸಾಲನ್ನು ನೀವು ಸುಮ್ನೆ ಸೇರಿಸಿದ್ದೀರಿ. 2015ರಲ್ಲಿ ನಾನು ಅದನ್ನು ಸೇರಿಸುವ ಗೋಜಿಗೂ ಹೋಗಿರಲಿಲ್ಲ.

ನಮ್ಮದು ಗದಗ. ಪ್ರಿಂಟಿಂಗ್ ಪ್ರೆಸ್ಸುಗಳ ಊರು. ನಮ್ಮ ಕಾಕಾ ಅವರದೂ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ ಇತ್ತು. ಲಗ್ನಪತ್ರಿಕೆ, ಬಿಲ್‌ಬುಕ್, ಜಾತ್ರೆಯ ಹ್ಯಾಂಡ್‌ಬಿಲ್, ಇಷ್ಟೇ ಕೆಲಸ. ಮುಂದಿನ ಕೋಣೆಯಲ್ಲಿ ಡಿಟಿಪಿ, ಅಂದರೆ ಅಕ್ಷರ ಜೋಡಿಸಿ ಪುಟ ಮಾಡುವ ಕೆಲಸಕ್ಕೆ ಒಂದೇ ಕಂಪ್ಯೂಟರ್. ನಿಮ್ಮದರ ಹಾಗೇ ಕೋರ್ 2 ಡ್ಯುಯೊ, 2 ಜಿಬಿ, ವಿಂಡೋಸ್ ಎಕ್ಸ್‌ಪಿ. ಎಕ್ಸ್‌ಪಿಗೆ ಅಪ್‌ಡೇಟ್ ಬರುವುದು 2014ರ ಏಪ್ರಿಲ್ 8ಕ್ಕೇ ನಿಂತಿತ್ತು. ಗಿರಾಕಿಗಳು ತರುವ ಪೆನ್‌ಡ್ರೈವಿನಿಂದ ವಾರಕ್ಕೊಂದು ವೈರಸ್ ಹತ್ತುತ್ತಿತ್ತು. ನಾನಾಗ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ ಬಂದ ಹೊಸತು. ನನಗೆ ಎಲ್ಲ ಗೊತ್ತು ಅನ್ನುವ ಕಾಲ. "ಕಾಕಾ, ಒಂದ್ ದಿನಾ ಕೊಡ್ರಿ, ವಿಂಡೋಸ್ 7 ಹಾಕಿ ಹೊಸಾದ್ ಮಾಡಿ ಕೊಡ್ತೀನಿ" ಅಂದೆ. ಏಪ್ರಿಲ್ ತಿಂಗಳು, ಬಸವ ಜಯಂತಿ ಎದುರಿಗೇ ಇತ್ತು. ಆ ಹೊತ್ತಿಗೆ ನಮ್ಮ ಕಡೆ ಲಗ್ನಗಳು ಎಷ್ಟಿರುತ್ತವೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಪೆನ್‌ಡ್ರೈವ್ ಚೆನ್ನಾಗಿಯೇ ಮಾಡಿದೆ, ಅದರಲ್ಲಿ ತಪ್ಪಾಗಲಿಲ್ಲ. ತಪ್ಪಾಗಿದ್ದು ಅದಕ್ಕೂ ಮೊದಲು, ಫೈಲ್ ಆರಿಸುವಾಗ. ನನ್ನ ಹತ್ತಿರ 32 ಬಿಟ್, 64 ಬಿಟ್ ಎರಡೂ ಐಎಸ್‌ಒ, ಅಂದರೆ ವಿಂಡೋಸ್ ಹಾಕುವ ಫೈಲು, ಇದ್ದವು. ಪ್ರೊಸೆಸರ್ 64 ಬಿಟ್ ನಡೆಸುತ್ತದಾ ಅಂತ ನೋಡಿದೆ, ನಡೆಸುತ್ತದೆ ಅಂತಿತ್ತು. ದೊಡ್ಡ ನಂಬರ್ ಅಂದ ಮೇಲೆ ಒಳ್ಳೆಯದೇ ಇರಬೇಕು ಅಂತ 64 ಆರಿಸಿದೆ. ಅಷ್ಟೇ. ಹತ್ತು ಸೆಕೆಂಡ್ ಕೂಡ ಯೋಚಿಸಲಿಲ್ಲ. 32 ಬಿಟ್ ಫೈಲನ್ನು ಡಿಲೀಟ್ ಮಾಡಿದೆ, ಜಾಗ ಯಾಕೆ ದಂಡ ಅಂತ. ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರಿನ ಪಿಎಂಡಿ ಫೈಲು, ಫಾಂಟು ಎಲ್ಲ ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡು ಡಿಸ್ಕನ್ನು ಫಾರ್ಮ್ಯಾಟ್ ಹೊಡೆದೆ.

ಸಂಜೆ ಐದಕ್ಕೆ ವಿಂಡೋಸ್ 7 ನಿಂತಿತು. ಪೇಜ್‌ಮೇಕರ್ ಹಾಕಿದೆ, ತೆರೆಯಿತು. ಫಾಂಟ್ ಹಾಕಿದೆ, ಹಳೆಯ ಲಗ್ನಪತ್ರಿಕೆ ಅಕ್ಷರ ತಪ್ಪದೆ ಕಂಡಿತು. ಕಾಕಾಗೆ ತೋರಿಸಿ ಚಹಾ ಕುಡಿದೆ.

ಆಮೇಲೆ ಕನ್ನಡ ಟೈಪಿಂಗಿನ ಸಾಫ್ಟ್‌ವೇರ್ ತೆರೆದೆ. ಕೀ ಸಿಗುತ್ತಿಲ್ಲ ಅಂತ ಒಂದು ಸಣ್ಣ ಡಬ್ಬಿ ಬಂತು. ಅದು ಡಾಂಗಲ್ ಇರುವ ಸಾಫ್ಟ್‌ವೇರ್. ನೀವು ಡಾಂಗಲ್ ನೋಡಿರಲಿಕ್ಕಿಲ್ಲ. ಕ್ಯಾಬಿನೆಟ್ಟಿನ ಹಿಂದೆ 25 ತೂತಿನ ಪ್ಯಾರಲಲ್ ಪೋರ್ಟ್ ಇರುತ್ತದಲ್ಲ, ಅದಕ್ಕೆ ಹತ್ತುವ ಬೆಂಕಿಪೊಟ್ಟಣದಷ್ಟು ದೊಡ್ಡ ವಸ್ತು. ಎರಡೂ ಬದಿಗೆ ಸ್ಕ್ರೂ. ಅದರ ಬೆನ್ನಿಗೆ ಪ್ರಿಂಟರಿನ ಕೇಬಲ್. ಅದು ಹಚ್ಚಿದ್ದರೆ ಮಾತ್ರ ಸಾಫ್ಟ್‌ವೇರ್ ನಡೆಯುತ್ತದೆ. ಕಾಕಾ ಅದಕ್ಕೆ "ಕೀಲಿಕೈ" ಅನ್ನುತ್ತಿದ್ದರು.

ಬಿಚ್ಚಿ ಹಚ್ಚಿದೆ. ಪಿನ್ನುಗಳನ್ನು ರಬ್ಬರಿನಿಂದ ತಿಕ್ಕಿದೆ. ಬಯೋಸ್‌ಗೆ, ಅಂದರೆ ವಿಂಡೋಸಿಗಿಂತ ಮೊದಲು ಏಳುವ ಬೋರ್ಡಿನ ಸೆಟ್ಟಿಂಗಿಗೆ ಹೋಗಿ ಪೋರ್ಟಿನ ಮೋಡ್ ಬದಲಿಸಿ ನೋಡಿದೆ. ಸಾಫ್ಟ್‌ವೇರನ್ನು ನಾಲ್ಕು ಸಲ ತೆಗೆದು ಹಾಕಿದೆ. ಸಾಯಲಿ, ಇರುವ ಫೈಲನ್ನಾದರೂ ಪ್ರಿಂಟ್ ಕೊಡೋಣ ಅಂದರೆ ಲೇಸರ್ ಪ್ರಿಂಟರಿನ ಸಿಡಿ ಕೂಡ ಒಳಗೆ ಬರಲು ಒಲ್ಲೆ ಅಂದಿತು. ನಮಗೆ ಬಟರ್ ಪೇಪರ್ ಮೇಲೆ ಪ್ರಿಂಟ್ ಬರದಿದ್ದರೆ ಮಷೀನಿಗೆ ಹಚ್ಚುವ ಪ್ಲೇಟ್ ಇಲ್ಲ. ಪ್ಲೇಟ್ ಇಲ್ಲದಿದ್ದರೆ ಮಷೀನ್ ನಿಂತ ಹಾಗೇ. ರಾತ್ರಿ ಹನ್ನೊಂದಕ್ಕೆ ಮಷೀನಿನ ಹುಡುಗರನ್ನು ಮನೆಗೆ ಕಳಿಸಿದೆವು.

ಆಗ ನನಗೆ ಗೊತ್ತಿರದಿದ್ದದ್ದು ಇದು. ಸ್ವಲ್ಪ ಉದ್ದ ಆಗುತ್ತದೆ, ಆದರೂ ಓದಿ. 64 ಬಿಟ್ ವಿಂಡೋಸ್ ಒಳಗೆ 32 ಬಿಟ್ ಪ್ರೋಗ್ರಾಮುಗಳು ನಡೆಯುತ್ತವೆ. ಅವಕ್ಕೆ ಅಂತಲೇ ನಡುವೆ ಒಂದು ಏರ್ಪಾಡು ಇದೆ. ನನಗೆ ಮೋಸ ಆಗಿದ್ದೇ ಅಲ್ಲಿ. ಪೇಜ್‌ಮೇಕರ್ ತೆರೆಯಿತು ಅಂದ ಮೇಲೆ ಎಲ್ಲವೂ ನಡೆಯುತ್ತದೆ ಅಂದುಕೊಂಡೆ. ಆದರೆ ಡ್ರೈವರ್, ಅಂದರೆ ವಿಂಡೋಸಿಗೂ ಹಚ್ಚಿದ ವಸ್ತುವಿಗೂ ಮಾತಾಡಿಸುವ ತುಣುಕು, ಮಾಮೂಲಿ ಪ್ರೋಗ್ರಾಮ್ ಅಲ್ಲ. ಡಾಂಗಲಿನಂಥದ್ದರ ಡ್ರೈವರ್ ವಿಂಡೋಸಿನ ತಿರುಳಾದ ಕರ್ನಲ್ ಒಳಗೇ ಹೋಗಿ ಕೂರಬೇಕು. ಅಲ್ಲಿ ಅಂಥ ಏರ್ಪಾಡೇ ಇಲ್ಲ. ಕರ್ನಲ್ 64 ಬಿಟ್ ಆದರೆ ಡ್ರೈವರೂ 64 ಬಿಟ್ಟೇ ಇರಬೇಕು, ಮೇಲೆ ಡಿಜಿಟಲ್ ಸಹಿಯೂ ಇರಬೇಕು. ಎಕ್ಸ್‌ಪಿ ಕಾಲದ ಸಿಡಿಗಳಲ್ಲಿ ಇದ್ದದ್ದು ಬರೀ 32 ಬಿಟ್ ಡ್ರೈವರ್. ನೂರು ಸಲ ಹಾಕಿದರೂ ಅದು ಹೋಗುತ್ತಿರಲಿಲ್ಲ. ನಾನು ರಬ್ಬರ್ ಹಚ್ಚಿ ತಿಕ್ಕುತ್ತಿದ್ದೆ! ಇನ್ನೊಂದು ಮಾತು. 2 ಜಿಬಿ ರ‍್ಯಾಮಿಗೆ 64 ಬಿಟ್ಟಿನಿಂದ ಲಾಭವೂ ಇಲ್ಲ. 32 ಬಿಟ್ ವಿಂಡೋಸ್ ಮೂರು ಜಿಬಿಗಿಂತ ಜಾಸ್ತಿಯೇ ಬಳಸಿಕೊಳ್ಳುತ್ತದೆ, ನಮ್ಮಲ್ಲಿದ್ದದ್ದೇ ಎರಡು. ಮೈಕ್ರೋಸಾಫ್ಟ್ ಕೇಳುವುದೂ ವಿಂಡೋಸ್ 7ರ 32 ಬಿಟ್ಟಿಗೆ 1 ಜಿಬಿ, 64 ಬಿಟ್ಟಿಗೆ 2 ಜಿಬಿ. ಅಂದರೆ ಲಾಭವಿಲ್ಲದ ವಸ್ತುವಿಗೆ ದುಪ್ಪಟ್ಟು ಜಾಗ ಕೊಟ್ಟು ಡಾಂಗಲ್, ಪ್ರಿಂಟರ್ ಎರಡನ್ನೂ ಕಳೆದುಕೊಂಡಿದ್ದೆ.

ಮರುದಿನ ಸಾಫ್ಟ್‌ವೇರ್ ಮಾರಿದವರಿಗೆ ಫೋನ್ ಮಾಡಿದರೆ, 64 ಬಿಟ್ಟಿಗೆ ಹೊಸ ಯುಎಸ್‌ಬಿ ಡಾಂಗಲ್ ಕೊಳ್ಳಬೇಕು ಅಂದರು. ಹೇಳಿದ ರೇಟು ಕೇಳಿ ಫೋನ್ ಇಟ್ಟೆ. ಎಕ್ಸ್‌ಪಿ ಸಿಡಿಗೆ ಗೀರು ಬಿದ್ದಿತ್ತು. ಡಿಲೀಟ್ ಮಾಡಿದ 32 ಬಿಟ್ ಫೈಲನ್ನು ಮತ್ತೆ ಇಳಿಸಿಕೊಳ್ಳೋಣ ಅಂದರೆ ಅವತ್ತಿನ ನಮ್ಮ ಬ್ರಾಡ್‌ಬ್ಯಾಂಡಿಗೆ ಎರಡು ದಿನ ಬೇಕಿತ್ತು. ಬೆಳಗಿನ ರೈಲು ಹತ್ತಿ ಹುಬ್ಬಳ್ಳಿಯ ಗೆಳೆಯನ ರೂಮಿಗೆ ಹೋಗಿ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದೆ. ರಾತ್ರಿ 32 ಬಿಟ್ ಹಾಕಿದ ಮೇಲೆ ಡಾಂಗಲ್ ಒಂದೇ ಏಟಿಗೆ ಒಪ್ಪಿತು, ಪ್ರಿಂಟರಿಗೆ ಎಕ್ಸ್‌ಪಿಯ ಡ್ರೈವರೇ ಆಯಿತು. ಅಷ್ಟರೊಳಗೆ ಎಂಟುನೂರು ಕಾರ್ಡಿನ ಒಂದು ಪಾರ್ಟಿ ಬೆಟಗೇರಿಯ ಇನ್ನೊಂದು ಪ್ರೆಸ್ಸಿಗೆ ಹೋಗಿತ್ತು. ಆ ಮನೆಯವರು ಇವತ್ತಿಗೂ ಅಲ್ಲಿಗೇ ಹೋಗುತ್ತಾರೆ. ಕಾಕಾ ಬೈಯಲಿಲ್ಲ. "ಬಾಯಾಗ ಹಲ್ಲು ಮೂವತ್ತೆರಡ ಅದಾವ ತಮ್ಮಾ, ನಮಗ್ಯಾಕ ಬೇಕಿತ್ತು ಅರವತ್ನಾಕು" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಈಗ ನಿಮ್ಮದಕ್ಕೆ ಬರೋಣ. ನೀವು ಕೇಳಿದ್ದು ಪೆನ್‌ಡ್ರೈವ್ ಹೇಗೆ ಅಂತ. ಅದು ಐದು ನಿಮಿಷದ ಸಂಗತಿ. ಅಷ್ಟು ಹಳೆಯ ಬೋರ್ಡಿನಲ್ಲಿ ಸಾಮಾನ್ಯವಾಗಿ ಬಯೋಸ್‌ನ ಹೊಸ ರೂಪವಾದ ಯುಇಎಫ್‌ಐ ಇರುವುದಿಲ್ಲ, ಬಯೋಸ್ ಮಾತ್ರ. ಹಾಗಾಗಿ ಪೆನ್‌ಡ್ರೈವ್ ಮಾಡುವ ಸಾಫ್ಟ್‌ವೇರ್ ರೂಫಸ್‌ನಲ್ಲಿ ಎಂಬಿಆರ್ ಆರಿಸಿ, ಜಿಪಿಟಿ ಕಡೆ ನೋಡಲೇಬೇಡಿ. ಬೂಟ್ ಪಟ್ಟಿಯಲ್ಲಿ ಪೆನ್‌ಡ್ರೈವ್ ಕಾಣದಿದ್ದರೆ ಗಾಬರಿ ಬೇಡ. ಹಳೆಯ ಬಯೋಸ್‌ಗಳು ಅದನ್ನೂ ಹಾರ್ಡ್‌ಡಿಸ್ಕ್ ಅಂತಲೇ ತಿಳಿಯುತ್ತವೆ, ಹಾರ್ಡ್‌ಡಿಸ್ಕ್ ಸಾಲಿನೊಳಗೆ ಹೋಗಿ ಅದನ್ನು ಮೇಲಕ್ಕೆ ತನ್ನಿ. ಮೊದಲ ರೀಸ್ಟಾರ್ಟ್ ಆದಾಗ ಪೆನ್‌ಡ್ರೈವ್ ಕಿತ್ತುಬಿಡಿ, ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಲ್ಯಾನ್ ಡ್ರೈವರನ್ನು ಮೊದಲೇ ಇಳಿಸಿ ಅದೇ ಪೆನ್‌ಡ್ರೈವಿನಲ್ಲಿ ಒಂದು ಫೋಲ್ಡರಿಗೆ ಹಾಕಿಡಿ. ನೆಟ್ ಇಲ್ಲದೆ ನೆಟ್ಟಿನ ಡ್ರೈವರ್ ಹುಡುಕುವ ಫಜೀತಿ ಬೇಡ. ಬೋರ್ಡಿನ ಗಡಿಯಾರ ನಡೆಸುವ ಸಿಆರ್2032 ಸೆಲ್ಲನ್ನೂ ಬದಲಿಸಿ. ಅದು ಸತ್ತಿದ್ದರೆ ತಾರೀಕು ವರ್ಷಗಟ್ಟಲೆ ಹಿಂದೆ ಹೋಗಿ ಬ್ರೌಸರಿನಲ್ಲಿ ಸೈಟುಗಳೇ ತೆರೆಯುವುದಿಲ್ಲ. ಜನ ವಿಂಡೋಸಿಗೆ ಬೈಯುತ್ತಾರೆ.

ಆದರೆ ನನ್ನ ಕೇಳಿದರೆ ಆ ಡಿಸ್ಕಿನ ಮೇಲೆ ಏನನ್ನೂ ಹಾಕಬೇಡಿ. ಬಿಲ್ ಬರುತ್ತಿದೆ ಅಲ್ವಾ? ಅದನ್ನು ಬಿಚ್ಚಿ, ಬಟ್ಟೆ ಸುತ್ತಿ ಗಲ್ಲಾಪೆಟ್ಟಿಗೆಯಲ್ಲಿ ಇಡಿ. 120 ಜಿಬಿಯ ಸಾಟಾ ಎಸ್‌ಎಸ್‌ಡಿ ತಂದು ಅದೊಂದನ್ನೇ ಹಚ್ಚಿ ಹೊಸ ವಿಂಡೋಸ್ ಹಾಕಿ. ಎರಡೂ ಡಿಸ್ಕ್ ಹಚ್ಚಿಟ್ಟು ಹಾಕಿದರೆ ಬೂಟ್ ಫೈಲುಗಳು ಹಳೆಯದರ ಮೇಲೆ ಹೋಗಿ ಕೂರಬಹುದು, ಅದಕ್ಕೇ ಬಿಚ್ಚಿ ಅಂದದ್ದು. ಕೆಟ್ಟರೆ ಹಳೆಯದನ್ನು ವಾಪಸ್ ಹಚ್ಚಿದರಾಯಿತು, ಅಪ್ಪನ ಬಿಲ್ ನಿಲ್ಲುವುದಿಲ್ಲ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ, ಅದೂ ನೆನಪಿರಲಿ. ವಿಂಡೋಸ್ 11 ನಿಮ್ಮ ಮಷೀನಿಗಲ್ಲ. ಅದರಲ್ಲಿ 32 ಬಿಟ್ಟೇ ಇಲ್ಲ, ಮೇಲೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಕೇಳುತ್ತದೆ. ಲಿನಕ್ಸ್ ಹಾಕಿ ಅನ್ನುವವರು ಬರುತ್ತಾರೆ. ನಾನೂ ಮನೆಯಲ್ಲಿ ಅದನ್ನೇ ಬಳಸುವುದು. ಆದರೆ ಅಪ್ಪನ ಬಿಲ್ಲಿಂಗ್ ಸಾಫ್ಟ್‌ವೇರ್ ಅದರಲ್ಲಿ ನಡೆಯುತ್ತದಾ ಅಂತ ಅವರನ್ನು ಮೊದಲು ಕೇಳಿ.

32 ಬಿಟ್ಟಾ, 64 ಬಿಟ್ಟಾ ಅಂತ ಈಗಲೇ ಹೇಳುವುದಿಲ್ಲ. ಇವತ್ತು ಅಂಗಡಿ ಮುಚ್ಚುವ ಮೊದಲು ಮೊಬೈಲ್ ಟಾರ್ಚ್ ಹಿಡಿದು ಕ್ಯಾಬಿನೆಟ್ಟಿನ ಹಿಂದೆ ಬಗ್ಗಿ ನೋಡಿ. ಯಾವ ಯಾವ ವೈರ್ ಎಲ್ಲೆಲ್ಲಿಗೆ ಹೋಗಿದೆ, ಪ್ರಿಂಟರ್ ಯಾವ ಮಾಡೆಲ್, ಡಾಂಗಲ್ ಏನಾದರೂ ಇದೆಯಾ ಅಂತ ಬರೆದುಕೊಂಡು ಇಲ್ಲಿ ಹಾಕಿ. ಅದನ್ನು ನೋಡಿದ ಮೇಲೆ ಯಾವ ಫೈಲ್ ಇಳಿಸಬೇಕು ಅಂತ ಹೇಳುತ್ತೇನೆ.