ಹಸಿ ಕಾಫಿ ಬೀಜ ಎಲ್ಲಿ ಕೊಳ್ಳಲಿ?

ಪ್ರಶ್ನೆ: ಮನೆಯಲ್ಲೇ ಕಾಫಿ ಹುರಿಯುವ ಆಸೆ. ಬೆಳೆದವರಿಗೂ ಕೂಲಿಯವರಿಗೂ ಮೋಸವಾಗದ ಹಸಿ ಬೀಜ ಸಿಗುತ್ತದೆಯೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಕೊಡಗು ನಿಮ್ಮ ಪಕ್ಕದಲ್ಲೇ ಇದೆ ಅಲ್ವಾ! ಡಿಸೆಂಬರ್ ಹೊತ್ತಿಗೆ ಅರೇಬಿಕಾ ತಳಿಯ ಕಾಫಿ ಹಣ್ಣು ಕೀಳುತ್ತಿರುತ್ತಾರೆ, ಆಗ ಸಣ್ಣ ಬೆಳೆಗಾರರೊಬ್ಬರ ತೋಟಕ್ಕೇ ಹೋಗಿ ಬನ್ನಿ. ಪೊಟ್ಟಣದ ಮೇಲಿನ ಮುದ್ರೆ ನೋಡಿ ಸುಮ್ನೆ ನಂಬಬೇಡಿ. 50 ಕೆಜಿ ಚೀಲಕ್ಕೆ ಬೆಳೆಗಾರರ ಕೈಗೆ ಎಷ್ಟು ಬಂತು, ಹಣ್ಣು ಕಿತ್ತವರಿಗೆ ಕೂಲಿ ಎಷ್ಟು, ಕೂಲಿಯವರು ವಾಸಿಸುವ ಲೈನ್ ಮನೆಗಳಲ್ಲಿ ನೀರು, ಶೌಚಾಲಯ ಇದೆಯಾ ಅಂತ ನೇರವಾಗಿ ಕೇಳಿ. ಮುಖ ತಿರುಗಿಸಿದರೆ ಬೇರೆ ತೋಟ ನೋಡಿ. ಸಿಪ್ಪೆ ತೆಗೆದ ಬೀಜವನ್ನೇ ತನ್ನಿ, ಬೀಜಕ್ಕೆ ಅಂಟಿದ ಗಟ್ಟಿ ಸಿಪ್ಪೆಯನ್ನು (ಪಾರ್ಚ್‌ಮೆಂಟ್) ಮನೆಯಲ್ಲಿ ಬಿಡಿಸುವುದು ತಲೆನೋವು. ಮೊದಲಿಗೆ ಅರ್ಧ ಕೆಜಿ ಸಾಕು. ದಪ್ಪ ತಳದ ಬಾಣಲೆಯಲ್ಲಿ ಕೈ ಬಿಡದೆ ಆಡಿಸಿ, ಚಟಪಟ ಅಂದ ಮೇಲೆ ಬಣ್ಣ ನೋಡಿ ಇಳಿಸಿ. ಹೊಗೆ ಜಾಸ್ತಿ, ಕಿಟಕಿ ತೆರೆದಿಡಿ.