ಸಿಆರ್, ಡಿಆರ್ ಆಮೇಲೆ. ಮೊದಲು ಕಾಲಿಮೇಟರ್ ದೀಪ ನೋಡಿ

ಹೊಸ ಪೆಟ್ ಕ್ಲಿನಿಕ್‌ನ ಎಕ್ಸ್-ರೇಗೆ ಸಿಆರ್ (ಪ್ಲೇಟಲ್ಲಿ ಹಿಡಿದ ಚಿತ್ರವನ್ನ ರೀಡರ್‌ನಲ್ಲಿ ಓದಿಸೋದು) ತಗೊಳ್ಳೋದಾ ಡಿಆರ್ (ಪ್ಯಾನೆಲ್‌ನಿಂದ ಚಿತ್ರ ನೇರ ಕಂಪ್ಯೂಟರ್‌ಗೆ ಬರೋದು) ತಗೊಳ್ಳೋದಾ, ಎಷ್ಟು ಮೆಗಾಪಿಕ್ಸೆಲ್ ಇರಬೇಕು ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ವಿಜಯನಗರದಲ್ಲಿ ಕ್ಲಿನಿಕ್ ತೆರೆಯುವಾಗ ನನ್ನ ತಲೆಯಲ್ಲೂ ಇದೇ ಓಡ್ತಿತ್ತು. ಸಾಲ ಮಾಡಿ 14x17 ಇಂಚಿನ ಡಿಆರ್ ಪ್ಯಾನೆಲ್ ತಂದೆ.

ನಾಯಿ ಯಾವ ಗಾತ್ರದ್ದಾದರೂ ಕಿರಣ ಪ್ಯಾನೆಲ್ ಪೂರ್ತಿ ಬೀಳೋ ಹಾಗೆ ತೆರೆದಿಟ್ಟು ಶೂಟ್ ಮಾಡ್ತಿದ್ದೆ. ಆಮೇಲೆ ಸ್ಕ್ರೀನ್ ಮೇಲೆ ಬೇಕಾದಷ್ಟು ಕ್ರಾಪ್. ಸುತ್ತ ಕಪ್ಪು ಬಂದು ಚಿತ್ರ ಅಚ್ಚುಕಟ್ಟಾಗಿ ಕಾಣ್ತಿತ್ತು. ಒಂದು ದಿನ ಡ್ಯಾಷ್‌ಹಂಡ್ ನಾಯಿಯೊಂದರ ಬೆನ್ನುಮೂಳೆ ಮಸುಕಾಗಿ ಬಂತು. ಯಾಕೆ ಅಂತ ನೋಡೋಣ ಅಂತ ಕ್ರಾಪ್ ತೆಗೆದೆ. ಎರಡೂ ಅಂಚಿನಲ್ಲಿ ಮನುಷ್ಯರ ಬೆರಳಿನ ಮೂಳೆಗಳು. ಒಂದು ಬೆರಳಲ್ಲಿ ಬೆಳ್ಳಗೆ ಹೊಳೆಯೋ ಬಳೆಯಾಕಾರ. ಪಕ್ಕದಲ್ಲಿ ನಿಂತಿದ್ದ ಅಸಿಸ್ಟೆಂಟ್ ಮಂಜುಳಾ ಮೆಲ್ಲಗೆ ಕೇಳಿದಳು, "ಸರ್, ಇದು ನನ್ನ ಉಂಗುರ ಅಲ್ವಾ?"

ಹಳೇ ಚಿತ್ರಗಳನ್ನೆಲ್ಲ ತೆಗೆದೆ. ತಿಂಗಳುಗಟ್ಟಲೆ ಅವಳ ಕೈ ಇತ್ತು.

ಇದನ್ನ ಬಿಡಿಸಿ ಹೇಳ್ತೀನಿ. ಕ್ರಾಪ್ ಅಂದ್ರೆ ಬಿದ್ದಾದ ಕಿರಣವನ್ನ ಕಣ್ಣಿಗೆ ಮರೆಮಾಡೋದು. ಕಾಲಿಮೇಟರ್ ಅಂದ್ರೆ ಎಕ್ಸ್-ರೇ ಟ್ಯೂಬ್ ಬಾಯಲ್ಲೇ ಸೀಸದ ತಟ್ಟೆಗಳಿಂದ ಕಿರಣವನ್ನ ಕಟ್ಟಿಹಾಕೋದು; ಕಿರಣ ಎಲ್ಲಿ ಬೀಳುತ್ತೆ ಅಂತ ಅದರ ದೀಪ ಮೊದಲೇ ತೋರಿಸುತ್ತೆ. ಆ ಬೆನ್ನಿಗೆ ಬೇಕಿದ್ದದ್ದು 5 ಇಂಚು ಅಗಲ, 12 ಇಂಚು ಉದ್ದ, 60 ಚದರ ಇಂಚು. ನಾನು ತೆರೆದದ್ದು 238. ಹೆಚ್ಚಾದ ಜಾಗದಲ್ಲಿ ಬಿದ್ದ ಕಿರಣ ಮೈ, ಮೇಜು ಎಲ್ಲದರಿಂದ ಚೆದುರಿ ಪ್ಯಾನೆಲ್‌ಗೆ ಬರುತ್ತೆ, ಕಾಂಟ್ರಾಸ್ಟ್ ತಿನ್ನುತ್ತೆ. ಬೆನ್ನುಮೂಳೆ ಮಸುಕಾದದ್ದು ಅದಕ್ಕೇ. ಮಂಜುಳಾಳ ಟಿಎಲ್‌ಡಿ ಬ್ಯಾಡ್ಜ್ (ಮೈಗೆ ಬಿದ್ದ ವಿಕಿರಣ ಅಳೆಯೋ ಬ್ಯಾಡ್ಜ್) ರಿಪೋರ್ಟ್ ಮೂರು ತಿಂಗಳಿಗೊಮ್ಮೆ ಸರಿಯಾಗೇ ಬರ್ತಿತ್ತು, ಯಾಕಂದ್ರೆ ಬ್ಯಾಡ್ಜ್ ಇದ್ದದ್ದು ಸೀಸದ ಏಪ್ರನ್ ಒಳಗೆ ಎದೆ ಮೇಲೆ. ಬೆರಳಿಗೆ ಬಿದ್ದದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಸೀಸದ ಗ್ಲೌಸ್ ಹಾಕಿದ್ರೂ ನೇರ ಕಿರಣದಲ್ಲಿ ಕೈ ಇಡೋ ಹಾಗಿಲ್ಲ, ಅದು ಚೆದುರಿದ ಕಿರಣಕ್ಕೆ ಮಾತ್ರ. ಮರುವಾರ ಅವಳು ಕೆಲಸ ಬಿಟ್ಟಳು. ತಡೆಯೋ ಮುಖ ನನಗಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಕಡೆ ಹೋಗ್ತಿದೆ ಅಂತೀನಿ. 140 ಮೈಕ್ರಾನ್ ಪಿಕ್ಸೆಲ್‌ನ 14x17 ಪ್ಯಾನೆಲ್‌ನಲ್ಲೇ ಸುಮಾರು 78 ಲಕ್ಷ ಪಿಕ್ಸೆಲ್ ಇರುತ್ತೆ. ನಾಯಿ ಅಲುಗಾಡಿದ್ರೆ ಅದರ ದುಪ್ಪಟ್ಟು ಇದ್ರೂ ಪ್ರಯೋಜನ ಇಲ್ಲ. ದುಡ್ಡಿದ್ರೆ ಡಿಆರ್ ತಗೊಳ್ಳಿ, ಚಿತ್ರ ಕೆಲವೇ ಸೆಕೆಂಡಲ್ಲಿ ಬರುತ್ತೆ, ನಾಯಿ ಮೇಜಿನ ಮೇಲಿರುವಾಗಲೇ ಸರಿ ಇಲ್ಲಾಂದ್ರೆ ಗೊತ್ತಾಗುತ್ತೆ. ಸಿಆರ್‌ನಲ್ಲಿ ಪ್ಲೇಟನ್ನ ರೀಡರ್‌ಗೆ ಹಾಕಿ ಲೇಸರ್ ಓದುವವರೆಗೂ ಕಾಯಬೇಕು. ಇಷ್ಟೇ ಆ ಚರ್ಚೆ.

ಉಳಿದ ಹಣಕ್ಕೆ ಮರಳಿನ ಚೀಲ, ಫೋಮ್ ಆಸರೆ ತಗೊಳ್ಳಿ. ನಾಯಿಯ ಸ್ಥಿತಿ ಅವಕಾಶ ಕೊಟ್ಟರೆ ಸೆಡೇಷನ್ (ಮಂಪರು ಔಷಧಿ) ಕೊಡಿ, ಕೈಯಲ್ಲಿ ಹಿಡಿಸಬೇಡಿ. ಉಬ್ಬಸ ಪಡೋ ನಾಯಿಯ ಎದೆಗೆ ಕೆವಿ (ಟ್ಯೂಬ್‌ನ ವೋಲ್ಟೇಜ್) ಹೆಚ್ಚು, ಸಮಯ ಕಡಿಮೆ. ಡೀಲರ್ ಡೆಮೊಗೆ ಬಂದಾಗ ಕ್ರಾಪ್ ಆಗದ ಮೂಲ ಚಿತ್ರ ತೋರಿಸೋಕೆ ಹೇಳಿ. ಕಿರಣ ಬೀಳದ ಬಿಳಿ ಅಂಚು ನಾಲ್ಕೂ ಕಡೆ ಕಾಣಬೇಕು. ನಮ್ಮಲ್ಲಿ ಈಗ ಪ್ರತಿ ಚಿತ್ರಕ್ಕೂ ಆ ಅಂಚು ನೋಡಿದ ಮೇಲೆಯೇ ನಾಯಿಯನ್ನ ಮೇಜಿನಿಂದ ಇಳಿಸೋದು.